ಈ ಪುಸ್ತಕ ಅಮ್ಮನಿಗೂ!

ಅಡುಗೆಮನೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಅಬ್ಬಾ ಅಂತ ಮಂಚದ ಮೇಲೆ ಕೂತಿರ್ತೀರಿ. ‘ಅಮ್ಮಾ, ಕತೆ’ ಅಂತ ಪುಟಾಣಿ ಅದೇ ಪುಸ್ತಕ ಹಿಡಿದು ಹಾಜರ್. ನಿನ್ನೆಯೂ ಅದೇ, ಮೊನ್ನೆಯೂ ಅದೇ. ನಾಲ್ಕು ಸಾಲು ಹಾರಿಸಿದರೆ ಕಳ್ಳತನ ತಕ್ಷಣ ಸಿಕ್ಕಿಬೀಳುತ್ತೆ!

ಅದಕ್ಕೇ ಹೇಳೋದು, ಚಿತ್ರಪುಸ್ತಕ ಕೊಳ್ಳುವಾಗ ‘ಇದರಿಂದ ಮಗು ಏನು ಕಲಿಯುತ್ತೆ?’ ಅಂತಷ್ಟೇ ನೋಡಬೇಡಿ. ನೂರು ಸಲ ಓದಬೇಕಾದವರು ನೀವು. ನಿಮಗೆ ಖುಷಿಯಾಗುತ್ತಾ ನೋಡಿ. ಅಂಗಡಿಯಲ್ಲೇ ನಿಂತು ಪೂರ್ತಿ ಓದಿ, ಹತ್ತು ನಿಮಿಷವೂ ಬೇಕಾಗೋಲ್ಲ.

ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ (1968) ತಗೊಳ್ಳಿ. ಇಡೀ ಪುಸ್ತಕಕ್ಕೆ ಒಂದೇ ವಾಕ್ಯ, 32 ಪದ. ಕೋಳಿಯೊಂದು ಸುತ್ತಾಡಿಕೊಂಡು ಊಟದ ಹೊತ್ತಿಗೆ ಮನೆ ಸೇರುತ್ತೆ, ಅಷ್ಟೇ. ಆದರೆ ಚಿತ್ರದಲ್ಲಿ ಅದರ ಹಿಂದೆಯೇ ನರಿ! ಕೊಳಕ್ಕೆ ಬೀಳುತ್ತೆ, ಮೈಮೇಲೆ ಹಿಟ್ಟು ಸುರಿಯುತ್ತೆ, ಜೇನುಗಳು ಅಟ್ಟಿಸಿಕೊಂಡು ಹೋಗ್ತವೆ. ಬರಹದಲ್ಲಿ ನರಿಯ ಸುದ್ದಿಯೇ ಇಲ್ಲ. ನೀವು ಗಂಭೀರವಾಗಿ ಅಕ್ಷರ ಓದ್ತಿದ್ದರೆ ಮಗು ‘ಅಮ್ಮಾ, ಹಿಂದೆ ನೋಡು’ ಅಂತ ಕಿರುಚುತ್ತೆ. ಓದು ಬಾರದ ಮಗುವಿಗೆ ಓದುವ ಅಮ್ಮನಿಗಿಂತ ಹೆಚ್ಚು ಗೊತ್ತು!

ಇನ್ನೊಂದು, ಅಮೆರಿಕದ ಮಾರಿಸ್ ಸೆಂಡಾಕ್ ಅವರ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ (1963). ತುಂಟ ಮ್ಯಾಕ್ಸ್‌ನನ್ನು ಅಮ್ಮ ಗದರಿಸಿ, ಊಟ ಕೊಡದೆ ಮಲಗೋಕೆ ಕಳಿಸ್ತಾಳೆ. ಅವನ ಕೋಣೆಯಲ್ಲೇ ಕಾಡು ಬೆಳೆಯುತ್ತೆ. ಕಾಡಿನ ಜತೆ ಚಿತ್ರಗಳೂ ದೊಡ್ಡದಾಗುತ್ತಾ ಹೋಗಿ, ಕುಣಿತದ ಪುಟಗಳಲ್ಲಿ ಅಕ್ಷರಕ್ಕೆ ಜಾಗವೇ ಇಲ್ಲ. ಮೃಗಗಳಿಗೆ ರಾಜನಾಗಿ ಮೆರೆದವನು ಮನೆ ನೆನಪಾಗಿ ವಾಪಸ್ ಬಂದರೆ ಕೋಣೆಯಲ್ಲಿ ಊಟ ಕಾದಿದೆ. ಇನ್ನೂ ಬಿಸಿಯಾಗೇ ಇದೆ. ಆ ಅಮ್ಮ ಒಂದು ಚಿತ್ರದಲ್ಲೂ ಕಾಣಿಸೋಲ್ಲ, ನೋಡಿ. ಮಗುವಿಗೆ ಮೃಗಗಳು ಇಷ್ಟ, ನನಗೆ ಆ ಬಿಸಿ ಊಟ. ಸಂಜೆ ಹೋಂವರ್ಕಿಗೆ ಬೈದು, ರಾತ್ರಿ ಮಲಗಿದ ಮಗುವಿನ ತಲೆ ಸವರಿ ಕಣ್ಣೊರೆಸಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಇಂಗ್ಲಿಷ್ ಅಂತ ಹಿಂಜರಿಯಬೇಡಿ. ಚಿತ್ರ ತೋರಿಸುತ್ತಾ ನಿಮ್ಮ ಮನೆಮಾತಲ್ಲೇ ಹೇಳಿ. ಬೆಲೆ ಜಾಸ್ತಿ ಅನಿಸಿದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗ್ತವೆ. ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ಎದ್ದುಹೋಗಬೇಡಿ, ಪಕ್ಕದಲ್ಲೇ ಕೂತು ನೋಡಿ.

ಓದಿ ಮುಗಿದ ಮೇಲೆ ‘ಇದರ ನೀತಿ ಏನು?’ ಅಂತ ಮಾತ್ರ ಕೇಳಬೇಡಿ. ನರಿ ಎಲ್ಲೆಲ್ಲಿ ಬಿತ್ತು ಅಂತ ಕೇಳಿ.