ಒಂದೂವರೆ ಇಂಚು ನೀರಿಗೆ ಏಳೂವರೆ ಹೆಚ್.ಪಿ. ಮೋಟಾರು ಯಾಕೆ?

ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ಬದುವಿನ ಬಗ್ಗೆ ಬರೆಯೋದು ವಾಡಿಕೆ. ಈ ಸಲ ನಾನು ಲ್ಯಾಪ್‌ಟಾಪಿನ ಬಗ್ಗೆ ಬರೆಯುತ್ತಿದ್ದೇನೆ. ಏಳನೇ ಕ್ಲಾಸು ಓದಿದ ಒಣಬೇಸಾಯದವನಿಗೆ ಅದರ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ ಕೊಡುವ ದುಡ್ಡು ನಮ್ಮ ಶೇಂಗಾದಿಂದಲೇ ಬರಬೇಕಲ್ಲ, ಅದಕ್ಕೆ. ಈಗ ಯಾವ ಊರಿಗೆ ಹೋದರೂ ಎರಡು ಮೂರು ಮನೆಯಲ್ಲಿ ಕಾಲೇಜಿಗೆ ಹೋಗೋ ಮಕ್ಕಳಿದ್ದಾರೆ. ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ.

ನಮ್ಮದು ಚಳ್ಳಕೆರೆ ತಾಲ್ಲೂಕು. ರಾಜ್ಯದಲ್ಲಿ ಮಳೆ ಕಡಿಮೆ ಬೀಳೋ ಸೀಮೆಗಳಲ್ಲಿ ಇದೂ ಒಂದು. ಆರು ಎಕರೆ ಹೊಲ, ನಾಲ್ಕರಲ್ಲಿ ಶೇಂಗಾ, ನಡುವೆ ತೊಗರಿ ಸಾಲು, ಉಳಿದಿದ್ದರಲ್ಲಿ ರಾಗಿ, ನವಣೆ. 2025ರ ಜುಲೈನಲ್ಲಿ ಮಗಳು ಬಿ.ಕಾಂ. ಸೇರಿದಳು. ಸೇರಿದ ವಾರಕ್ಕೇ ಲ್ಯಾಪ್‌ಟಾಪ್ ಬೇಕು ಅಂದಳು. ನೆಂಟರಲ್ಲಿ ಕೆಲವರು "ಹೆಣ್ಣು ಹುಡುಗಿಗೆ ಅದೆಲ್ಲ ಯಾಕೆ, ಮೊಬೈಲ್ ಐತಲ್ಲ" ಅಂದರು. ಆ ಮಾತು ನಾನು ಒಪ್ಪಲಿಲ್ಲ, ಈಗಲೂ ಒಪ್ಪೋದಿಲ್ಲ. ಮೊಬೈಲಿನಲ್ಲಿ ಲೆಕ್ಕಪತ್ರದ ಕೆಲಸ ಕಲಿಯೋದು ಅಂದರೆ ಕುರ್ಚಿಗೆಯಲ್ಲಿ ಎಕರೆ ಹೊಲ ಹರಗಿದ ಹಾಗೆ. ಕೊಡಿಸೋದು ಅಂತಾಯಿತು. ಯಾವುದು ಅನ್ನೋದೇ ಉಳಿದ ಪ್ರಶ್ನೆ.

ಅಂಗಡಿಗೆ ಹೋದೆವು. ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು 84,000 ರೂಪಾಯಿ. 16 ಜಿ.ಬಿ. ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡು, ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ. ಇನ್ನೊಂದು 38,000. 8 ಜಿ.ಬಿ. ರ‍್ಯಾಮ್, 512 ಜಿ.ಬಿ. ಎಸ್‌.ಎಸ್‌.ಡಿ., ಐ3 ಪ್ರೊಸೆಸರು, ದೀಪ ಗೀಪ ಏನಿಲ್ಲ. "ಒಂದೇ ಸಲ ಒಳ್ಳೇದು ತಗೊಳ್ಳಿ ಯಜಮಾನ್ರೇ, ಐದಾರು ವರ್ಷ ನೋಡೋಹಂಗಿಲ್ಲ. ಕಂತು ಮಾಡಿಕೊಡ್ತೀನಿ, ಬಡ್ಡಿ ಸೊನ್ನೆ" ಅಂದ. ಮಗಳ ಗೆಳತಿಯರೂ ದೊಡ್ಡದನ್ನೇ ಹೇಳಿದ್ದರಂತೆ. ಅವಳ ಕಣ್ಣು ಅದರ ಮೇಲೇ ಇತ್ತು. ನಾಳೆ ಬರ್ತೀವಿ ಅಂತ ಹೇಳಿ ಹೊರಗೆ ಬಂದೆ.

ಬಸ್ಸಿನಲ್ಲಿ ಬರುವಾಗ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಮನೆಗೆ ಬಂದಮೇಲೆ ಅಂದಳು: "ಅಪ್ಪಾ, ನನ್ನ ಓದಿಗೆ ಇಷ್ಟು ಲೆಕ್ಕ ಹಾಕ್ತೀಯ. ಬೋರಿಗೆ ಹಾಕಿದ್ಯಾ?"

ಅವಳ ಮಾತು ಸುಳ್ಳಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ 420 ಅಡಿ ಬೋರು ಕೊರೆಸಿದೆ, ಒಂದೂವರೆ ಇಂಚು ನೀರು ಬಿತ್ತು. ಮೆಕ್ಯಾನಿಕ್ಕು 5 ಹೆಚ್.ಪಿ. ಸಾಕು ಅಂದ. ಪಕ್ಕದ ಹೊಲದವರು ಏಳೂವರೆ ಇಟ್ಟಿದ್ದರು, ನಾನೂ ಏಳೂವರೆಯನ್ನೇ ಇಳಿಸಿದೆ. ಇಪ್ಪತ್ತು ನಿಮಿಷಕ್ಕೆ ಬೋರು ಬರಿದಾಗಿ ಗಾಳಿ ಬರುತ್ತಿತ್ತು. ನೀರಿಲ್ಲದೆ ತಿರುಗಿ ತಿರುಗಿ ಒಂದೇ ಬೇಸಿಗೆಯಲ್ಲಿ ಎರಡು ಸಲ ಮೋಟಾರು ಸುಟ್ಟಿತು. ರೀವೈಂಡಿಂಗಿಗೆ, ಎತ್ತಿ ಇಳಿಸೋದಕ್ಕೆ ಕೊಟ್ಟ ದುಡ್ಡಿನಲ್ಲಿ ಇನ್ನೊಂದು ಸಣ್ಣ ಮೋಟಾರೇ ಬರುತ್ತಿತ್ತು. ಇವಳ ಅಮ್ಮನ ಸರ ಆಗ ಅಡವಿಗೆ ಹೋದದ್ದು ಬಿಡಿಸೋಕೆ ಮೂರು ವರ್ಷ ಹಿಡಿಯಿತು.

ಅದನ್ನೇ ಮಗಳಿಗೆ ಹೇಳಿದೆ. "ಆವತ್ತು ಲೆಕ್ಕ ಹಾಕಲಿಲ್ಲ ಕಣವ್ವ. ಅದಕ್ಕೇ ಇವತ್ತು ಹಾಕ್ತಿರೋದು. ನಿನ್ನ ಕೆಲಸ ಎಷ್ಟು ಇಂಚು ನೀರಿನದು ಅಂತ ಮೊದಲು ಕೇಳಿಕೊಂಡು ಬಾ."

ಅವಳು ಕಾಲೇಜಿನ ಮೇಷ್ಟ್ರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಳು. ಟ್ಯಾಲಿ, ಎಕ್ಸೆಲ್, ವರ್ಡು, ನುಡಿಯಲ್ಲಿ ಕನ್ನಡ ಟೈಪಿಂಗು, ಆನ್‌ಲೈನ್ ಪಾಠ ನೋಡೋದು. ಅಷ್ಟೇ. ಇದರಲ್ಲಿ ಒಂದಕ್ಕೂ ಗ್ರಾಫಿಕ್ಸ್ ಕಾರ್ಡು ಬೇಡ.

ಒಳಗೆ ಏನಿದೆ

ಇದನ್ನು ನಾನು ಅವರಿವರನ್ನು ಕೇಳಿ ತಿಳಿದುಕೊಂಡೆ. ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಪ್ರೊಸೆಸರು ಅಂದರೆ ಎತ್ತು. ರ‍್ಯಾಮ್ ಅಂದರೆ ಕಣ, ಕಣ ದೊಡ್ಡದಿದ್ದಷ್ಟೂ ಒಟ್ಟಿಗೇ ಹೆಚ್ಚು ಕೆಲಸ ಹರವಿಕೊಳ್ಳಬಹುದು. ಎಸ್‌.ಎಸ್‌.ಡಿ. ಅಂದರೆ ಕಣಜ, ಮಾಡಿದ್ದನ್ನೆಲ್ಲ ತುಂಬಿಡೋ ಜಾಗ. ಗ್ರಾಫಿಕ್ಸ್ ಕಾರ್ಡು ಅಂದರೆ ಭಾರದ ಕೆಲಸಕ್ಕೇ ಅಂತ ಕಟ್ಟಿದ ಇನ್ನೊಂದು ಜೋಡಿ. ಆಟ ಆಡೋದು, ವಿಡಿಯೋ ಕತ್ತರಿಸಿ ಜೋಡಿಸೋದು, ಕಟ್ಟಡದ ಮೂರು ಆಯಾಮದ ಚಿತ್ರ ಬಿಡಿಸೋದು, ಇಂಥವಕ್ಕೆ ಅದು ಬೇಕು. ಕೆಲಸ ಇಲ್ಲದಿದ್ದರೆ ಕೊಟ್ಟಿಗೆಯಲ್ಲಿ ನಿಂತು ಮೇವು ತಿನ್ನುತ್ತದೆ.

ಮೇವು ಅಂದರೆ ಕರೆಂಟು. ಇಂಥ ದೊಡ್ಡ ಯಂತ್ರಗಳ ಚಾರ್ಜರು 180 ವ್ಯಾಟು, 200 ವ್ಯಾಟು, ಅದಕ್ಕೂ ಮೇಲೆ ಇರುತ್ತದೆ. ಸಣ್ಣದರದು 45 ಇಲ್ಲವೇ 65. ದೊಡ್ಡದು ಬ್ಯಾಟರಿಯ ಮೇಲೆ ಕೆಲಸ ಮಾಡುವಾಗ ತನ್ನ ಪೂರ್ತಿ ಶಕ್ತಿ ತೋರಿಸೋದೂ ಇಲ್ಲ, ಹೆಚ್ಚು ಹೊತ್ತು ಬರೋದೂ ಇಲ್ಲ. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲದ ನಮ್ಮ ಊರಿನಲ್ಲಿ ಐದಾರು ತಾಸು ಬ್ಯಾಟರಿ ನಿಲ್ಲೋದೇ ನಿಜವಾದ ಶಕ್ತಿ. ತೂಕವೂ ಹಾಗೇ. ದೊಡ್ಡದು ಎರಡೂವರೆ ಕೆ.ಜಿ. ಹತ್ತಿರ, ಅದರ ಚಾರ್ಜರು ಇಟ್ಟಿಗೆಯ ಹಾಗೆ. ಸಣ್ಣದು ಒಂದೂವರೆ ಚಿಲ್ಲರೆ. ದಿನಾ ಬಸ್ಸಿನಲ್ಲಿ ನಿಂತು ಹೋಗೋ ಹುಡುಗಿಯ ಹೆಗಲಿಗೆ ಈ ಒಂದು ಕೆ.ಜಿ. ಗೊತ್ತಾಗುತ್ತದೆ.

ಶೇಂಗಾದ ಲೆಕ್ಕ

2025-26ರ ಮುಂಗಾರಿಗೆ ಶೇಂಗಾ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಆ ಬೆಲೆ ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. 84,000ಕ್ಕೆ ಹನ್ನೊಂದೂವರೆ ಕ್ವಿಂಟಾಲು ಮಾರಬೇಕು. ಸಾಧಾರಣ ಮಳೆಯ ವರ್ಷ ನನಗೆ ಎಕರೆಗೆ ಮೂರು ಕ್ವಿಂಟಾಲು ಕಾಯಿ ಬಂದರೆ ದೊಡ್ಡದು. ಅಂದರೆ ನಾಲ್ಕು ಎಕರೆಯ ಬೆಳೆ ಹೆಚ್ಚುಕಡಿಮೆ ಪೂರ್ತಿ ಒಂದು ಚೀಲದೊಳಗೆ ಹೋಗಿ ಕೂರುತ್ತದೆ. ಬೀಜ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಯಾರು ಕೊಡಬೇಕು? 38,000ದ್ದಕ್ಕೆ ಐದು ಕಾಲು ಕ್ವಿಂಟಾಲು ಸಾಕು. ಅದೂ ಕಷ್ಟವೇ, ಆದರೆ ಉಸಿರು ನಿಲ್ಲೋದಿಲ್ಲ.

ಸೊನ್ನೆ ಬಡ್ಡಿಯ ಕಥೆಯನ್ನೂ ಹೇಳಿಬಿಡುತ್ತೇನೆ. ನಗದು ಕೊಟ್ಟರೆ ಎರಡು ಸಾವಿರ ಬಿಡ್ತೀನಿ ಅಂದ. ಕಂತಿಗೆ ಆ ರಿಯಾಯಿತಿ ಇಲ್ಲ, ಮೇಲೆ ಫೈಲ್ ಚಾರ್ಜು. ಹಾಗಾದರೆ ಸೊನ್ನೆ ಎಲ್ಲಿ ಬಂತು? ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕಂತು ತಿಂಗಳು ತಿಂಗಳು ಬರುತ್ತದೆ. ನಮ್ಮ ದುಡ್ಡು ವರ್ಷಕ್ಕೊಂದು ಸಲ, ಅದೂ ಮಳೆ ಒಪ್ಪಿದರೆ. ಸಂಬಳದವರಿಗೆ ಹೊಲಿದ ಅಂಗಿಯನ್ನು ನಾವು ತೊಟ್ಟರೆ ಕಂಕುಳು ಹರಿಯುತ್ತದೆ.

ತೀರಾ ಅಗ್ಗವೂ ಬೇಡ

ಹಾಗಂತ ಕಡಿಮೆ ರೇಟಿನದನ್ನು ಕಣ್ಣುಮುಚ್ಚಿ ತರಬೇಡಿ. ನಮ್ಮೂರಿನಲ್ಲೇ ಒಬ್ಬರು 22,000ಕ್ಕೆ ಒಂದು ತಂದರು. 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಕಣಜ. ವಿಂಡೋಸೇ ಅರ್ಧ ಜಾಗ ತಿಂದಿತು. ಆರು ತಿಂಗಳಲ್ಲಿ ಅಪ್‌ಡೇಟು ಹಾಕಿಕೊಳ್ಳೋಕೂ ಜಾಗ ಇಲ್ಲದೆ ಕೂತುಬಿಟ್ಟಿತು. 22,000 ಪೂರ್ತಿ ದಂಡ. ಬೀಜದ ಕಾಯಿಯಲ್ಲಿ ಉಳಿಸಿ ಬೆಳೆಯಲ್ಲಿ ಕಳಕೊಂಡ ಹಾಗೆ.

ಸೆಕೆಂಡ್ ಹ್ಯಾಂಡ್ ತರೋರಿಗೂ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಸರಿಯಾಗಿ ಹಾಕಿಕೊಳ್ಳೋಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಇಲ್ಲವೇ ಅದರ ಮುಂದಿನದು ಇರಬೇಕು. ಐ5-7200 ಅಂತಿದ್ದರೆ ಏಳನೇದು, ಐ5-8250 ಅಂತಿದ್ದರೆ ಎಂಟನೇದು, 1135 ಅಂತಿದ್ದರೆ ಹನ್ನೊಂದನೇದು. ಬರೀ "ಐ5 ಐತೆ" ಅನ್ನೋ ಮಾತಿಗೆ ಮರುಳಾಗಬೇಡಿ. ಹಲ್ಲು ಉದುರಿದ ಹಳೇ ಐ5ಗಿಂತ ಹೊಸಾ ಐ3 ಚುರುಕಾಗಿ ಓಡುತ್ತದೆ. ಎತ್ತಿನ ಜಾತಿ ಕೇಳೋದರ ಜೊತೆಗೆ ಹಲ್ಲನ್ನೂ ನೋಡೋದು ನಮಗೆ ಗೊತ್ತಲ್ಲ!

ನನ್ನ ಅಭಿಪ್ರಾಯದಲ್ಲಿ ಮಾಮೂಲಿ ಓದಿಗೆ ಇಷ್ಟಿದ್ದರೆ ಸಾಕು: 8 ಜಿ.ಬಿ. ರ‍್ಯಾಮ್, ಮುಂದೆ ಇನ್ನೊಂದು ಹಾಕೋಕೆ ಖಾಲಿ ಜಾಗ, ಕಡಿಮೆ ಅಂದರೆ 256 ಜಿ.ಬಿ. ಎಸ್‌.ಎಸ್‌.ಡಿ., ಹೊಸಾ ಐ3 ಇಲ್ಲವೇ ರೈಜನ್ 3, ಜಿಲ್ಲಾ ಕೇಂದ್ರದಲ್ಲಿ ಸರ್ವೀಸು. ವರ್ಡು, ಎಕ್ಸೆಲ್ ಜೊತೆಗೇ ಬರುತ್ತದೆಯೇ ಅಂತ ಬಿಲ್ಲಿಗೆ ಮುಂಚೆ ಕೇಳಿ. ಬರದಿದ್ದರೆ ಲಿಬ್ರೆ ಆಫೀಸ್ ಅನ್ನೋದು ಪುಕ್ಕಟೆ ಸಿಗುತ್ತದೆ.

ದೊಡ್ಡದು ಯಾರಿಗೂ ಬೇಡ ಅಂತ ನಾನು ಹೇಳೋದಿಲ್ಲ. ನನ್ನ ತಂಗಿಯ ಮಗ ಆರ್ಕಿಟೆಕ್ಚರ್ ಓದುತ್ತಾನೆ. ಅವನಿಗೆ 16 ಜಿ.ಬಿ., ಗ್ರಾಫಿಕ್ಸ್ ಕಾರ್ಡು ಇಲ್ಲದೆ ನಕ್ಷೆ ತಿರುಗೋದೇ ಇಲ್ಲ. ಅವನಿಗೆ ಸಣ್ಣದು ಕೊಡಿಸಿದ್ದರೆ ಅದೂ ದಂಡವೇ ಆಗುತ್ತಿತ್ತು. ಐದು ಇಂಚು ನೀರಿದ್ದವರು ಏಳೂವರೆ ಇಳಿಸಲಿ, ಬೇಡ ಅಂದೋರು ಯಾರು.

ಕೇಳಬೇಕಾದ್ದು ಎರಡಿದೆ

ಮೊದಲನೇದು ಕಾಲೇಜಿನವರನ್ನು. ಯಾವ ಕೋರ್ಸಿಗೆ ಎಂಥ ಯಂತ್ರ ಸಾಕು ಅಂತ ಸೇರಿಸಿಕೊಳ್ಳುವಾಗಲೇ ಒಂದು ಚೀಟಿ ಕೊಡಲಿ. ಹಾಗೆ ಕೊಟ್ಟರೆ ಅಂಗಡಿಯವನು ಹೇಳಿದ್ದೇ ವೇದವಾಗೋದಿಲ್ಲ. ಕಂಪ್ಯೂಟರ್ ಕೋಣೆಯನ್ನು ಪಾಠ ಮುಗಿದ ಮೇಲೂ ಎರಡು ತಾಸು ತೆಗೆದಿಡಲಿ. ಕೊಡಿಸೋ ಶಕ್ತಿಯೇ ಇಲ್ಲದ ಮನೆಯ ಮಕ್ಕಳು ಅಲ್ಲಿ ಕಲೀತಾರೆ.

ಎರಡನೇದು ಸರ್ಕಾರವನ್ನು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್‌.ಟಿ. 12ರಿಂದ 5ಕ್ಕೆ ಇಳಿಯಿತು, ಒಳ್ಳೇದಾಯಿತು. ಲ್ಯಾಪ್‌ಟಾಪಿಗೆ 18 ಹಾಗೇ ಉಳಿಯಿತು. 38,000ದಲ್ಲಿ ಸುಮಾರು 5,800 ತೆರಿಗೆಯೇ. ವ್ಯಾಪಾರದವರು ಅದನ್ನು ಲೆಕ್ಕದಲ್ಲಿ ವಾಪಸು ಹಿಡೀತಾರೆ, ನಮಗೆ ಆ ದಾರಿ ಇಲ್ಲ. ನಮ್ಮ ಮಕ್ಕಳಿಗೆ ಇದು ನೇಗಿಲು. ಓದೋ ಮಕ್ಕಳ ಸಣ್ಣ ಲ್ಯಾಪ್‌ಟಾಪಿಗಾದರೂ 5 ಮಾಡಲಿ.

ನಾವು 38,000ದ್ದನ್ನೇ ತಂದೆವು, ಶೇಂಗಾ ಬೀಜಕ್ಕೆ ಇಟ್ಟಿದ್ದರಲ್ಲಿ ಉಳಿದದ್ದು, ಎರಡು ಟಗರು ಮಾರಿದ್ದು ಸೇರಿಸಿ. 46,000 ಉಳೀತು ಅಂತ ಹೇಳಲಾರೆ, ಅಷ್ಟು ದುಡ್ಡು ನನ್ನ ಹತ್ತಿರ ಇರಲೇ ಇಲ್ಲ. ಅಷ್ಟು ಸಾಲ ಆಗಲಿಲ್ಲ ಅನ್ನೋದು ಸರಿ. ಇವಳ ಅಮ್ಮನ ಸರ ಕೊರಳಲ್ಲೇ ಇದೆ.

ಮಗಳಿಗೆ ಮೊದಮೊದಲು ಬೇಜಾರಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲ ಸೆಮಿಸ್ಟರ್ ಮುಗಿದಮೇಲೆ ಒಂದು ರಾತ್ರಿ ನನ್ನನ್ನು ಕೂರಿಸಿಕೊಂಡು ನಮ್ಮ ಹೊಲದ ಪಹಣಿ ತೆಗೆದು ತೋರಿಸಿದಳು. ಆಮೇಲೆ ಎಕ್ಸೆಲ್‌ನಲ್ಲಿ ಬೀಜ, ಗೊಬ್ಬರ, ಕೂಲಿ ಎಲ್ಲ ಸಾಲಾಗಿ ಹಾಕಿ ಎಕರೆಗೆ ಎಷ್ಟು ಖರ್ಚು ಬಿತ್ತು ಅಂತ ಕೂಡಿಸಿದಳು. ನಾನು ಬಾಯಲ್ಲಿ ಹೇಳುತ್ತಿದ್ದ ಲೆಕ್ಕಕ್ಕಿಂತ ಖರ್ಚು 2,300 ರೂಪಾಯಿ ಜಾಸ್ತಿ ಇತ್ತು. ಮೂವತ್ತು ವರ್ಷದ ಬೇಸಾಯದಲ್ಲಿ ಈ ತಪ್ಪು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಈ ಮುಂಗಾರಿಗೆ ಬಿತ್ತೋ ಮುಂಚೆ ಅವಳನ್ನು ಕೂರಿಸಿಕೊಂಡೇ ಲೆಕ್ಕ ಹಾಕೋದು ಅಂತ ಮಾಡಿದ್ದೇನೆ. ನಿಮ್ಮ ಮನೆಯಲ್ಲಿ ಈ ಖರೀದಿ ಆಗಿದ್ದರೆ, ಲಾಭವಾಗಲಿ ಮೋಸವಾಗಲಿ, ಪತ್ರಿಕೆಗೆ ಬರೆದು ತಿಳಿಸಿ.