ಪಗ್ ಗೊರಕೆ ಹೊಡೆದರೆ
ಪಗ್ ನಾಯಿ ಸಾಕಿದ ಮನೆಗಳಲ್ಲಿ ಅದರ ಗೊರಕೆಯ ಮಾತು ಬಂದರೆ ಎಲ್ಲರಿಗೂ ಅಕ್ಕರೆ ಉಕ್ಕುತ್ತದೆ. ತಾತನ ಹಾಗೆ ಗೊರಕೆ ಹೊಡೆಯುತ್ತದೆ ಎಂದು ನೆಂಟರಿಗೆ ತೋರಿಸುತ್ತಾರೆ, ಮೊಬೈಲಿನಲ್ಲಿ ಹಿಡಿದು ಹಂಚುತ್ತಾರೆ. ಆದರೆ ಆ ಸದ್ದು ಏಳುವುದು ಉಸಿರಿನ ದಾರಿ ಇಕ್ಕಟ್ಟಾಗಿರುವುದರಿಂದ. ಮುಖ ಚಪ್ಪಟೆಯಾಗಲೆಂದು ತಲೆಮಾರುಗಳಿಂದ ಜೋಡಿ ಆರಿಸಿ ಮರಿ ಹಾಕಿಸಿದ್ದರಿಂದ ಮೂಳೆ ಗಿಡ್ಡವಾಯಿತು. ಒಳಗಿನ ಮೆತ್ತನೆಯ ಭಾಗ ಅಷ್ಟೇ ಕುಗ್ಗಲಿಲ್ಲ. ಮೂಗಿನ ಹೊಳ್ಳೆ ಸೀಳಿನಂತಾಯಿತು, ಉದ್ದವಾಗಿಯೇ ಉಳಿದ ಮೃದು ಅಂಗುಳು ಗಂಟಲಿಗೆ ಅಡ್ಡ ಬಂತು. ಪಶುವೈದ್ಯರು ಈ ಕಾಯಿಲೆಯನ್ನು ಬೋವಾಸ್ ಎನ್ನುತ್ತಾರೆ. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ಮುಗಿಸಿದ ಸ್ವಚಿತ್ರದಲ್ಲಿ ಅವನ ಪಗ್ ಕೂಡ ಇದೆ. ಅದಕ್ಕೆ ಎದ್ದು ಕಾಣುವಂಥ ಮೂತಿಯಿದೆ. ಇಂದಿನ ಮುಖ ಮನುಷ್ಯರ ಆಯ್ಕೆ.

ಈ ನಾಯಿಗಳಿಗೆ ಕಾಯಿಲೆಯಷ್ಟೇ ಕೆಡುಕು ಮಾಡುತ್ತಿರುವುದು ಅದನ್ನು ಸಹಜವೆಂದು ಒಪ್ಪಿಕೊಳ್ಳುವ ನಮ್ಮ ಅಭ್ಯಾಸ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಸಿರಾಟದ ಈ ರೋಗವಿದ್ದ ನಾಯಿಗಳ ಮಾಲೀಕರಲ್ಲಿ ಶೇ 58 ಮಂದಿ ತಮ್ಮ ನಾಯಿಗೆ ಉಸಿರಿನ ತೊಂದರೆಯೇ ಇಲ್ಲವೆಂದಿದ್ದರು. ಅವರಲ್ಲಿ ಪ್ರೀತಿಯ ಕೊರತೆ ಇರಲಿಲ್ಲ. ಈ ತಳಿಯೇ ಹೀಗೆ ಎಂಬ ನಂಬಿಕೆ ಕಿವಿ ಮುಚ್ಚಿಸಿತ್ತು. ಅದೇ ಕಾಲೇಜು 2022ರಲ್ಲಿ, ವರ್ಷವೊಂದರಲ್ಲಿ ಕಾಯಿಲೆ ಬೀಳುವ ಸಾಧ್ಯತೆ ಬೇರೆ ನಾಯಿಗಳಿಗಿಂತ ಪಗ್‌ಗಳಿಗೆ ಹೆಚ್ಚುಕಡಿಮೆ ಎರಡು ಪಟ್ಟು ಎಂದು ಹೇಳಿತು.

ನಮ್ಮಲ್ಲಿ ಇದು ಇನ್ನೂ ಗಂಭೀರ. ಮೊಬೈಲ್ ಕಂಪನಿ ಹಚ್‌ನ 2003ರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ನಡೆದ ಪಗ್ ದೇಶವನ್ನೇ ಗೆದ್ದಿತು. ಇವತ್ತಿಗೂ ಅನೇಕರ ಬಾಯಲ್ಲಿ ಅದು ‘ಹಚ್ ನಾಯಿ’. ಆ ಮೋಹ ನಮ್ಮ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ಮೂಗು ಬಾಯಿಗಳ ತೇವ ಆವಿಯಾದಂತೆ ತಣ್ಣಗಾಗುತ್ತದೆ. ಮೂಗೇ ಇಲ್ಲವೆನ್ನುವಷ್ಟು ಮೊಟಕಾದ ಪಗ್‌ಗೆ ಆ ದಾರಿ ಅರ್ಧ ಮುಚ್ಚಿದಂತೆ. ಏದುವ ಶ್ರಮಕ್ಕೇ ಮೈ ಇನ್ನಷ್ಟು ಕಾಯುತ್ತದೆ, ಗಂಟಲು ಊದುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಮಧ್ಯಾಹ್ನದ ಸಣ್ಣ ನಡಿಗೆಯೂ ಪ್ರಾಣಕ್ಕೆ ಕುತ್ತಾಗಬಹುದು.

ತಿನ್ನುತ್ತದೆ, ಆಡುತ್ತದೆ, ಬಾಲ ಆಡಿಸುತ್ತದೆ, ಮತ್ತೇನು ಕಷ್ಟ ಎಂದು ಕೇಳುವವರಿದ್ದಾರೆ. ಹುಟ್ಟಿದಾಗಿನಿಂದ ಇಕ್ಕಟ್ಟಿನಲ್ಲೇ ಉಸಿರಾಡಿದ ಪ್ರಾಣಿಗೆ ಸಲೀಸಾದ ಉಸಿರು ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ಫ್ಲ್ಯಾಟಿಗೆ ಪುಟ್ಟ ನಾಯಿಯೇ ಸರಿ ಎಂಬ ಮಾತಿನಲ್ಲಿ ನಿಜವಿದೆ, ಆದರೆ ಪುಟ್ಟದಾಗಿರಲು ಮುಖ ಚಪ್ಪಟೆಯಾಗಬೇಕಿಲ್ಲ. ಹಾಗಾದರೆ ಮನೆಯಲ್ಲಿರುವ ಪಗ್ಗನ್ನು ಏನು ಮಾಡುವುದು? ಅದಕ್ಕೆ ಹೆಚ್ಚಿನ ಆರೈಕೆ ಬೇಕು. ತೂಕ ಏರಗೊಡಬಾರದು, ಕೊಬ್ಬು ಗಂಟಲನ್ನು ಮತ್ತಷ್ಟು ಒತ್ತುತ್ತದೆ. ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್, ಬಿಸಿಲೇರುವ ಮೊದಲೇ ನಡಿಗೆ. ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಬೇಕು. ಉಬ್ಬುಗಣ್ಣು ಕೆಂಪಾದರೆ ಅಂದೇ ವೈದ್ಯರ ಬಳಿ ಹೋಗಬೇಕು, ಹುಣ್ಣಾಗಲು ಹೊತ್ತು ಬೇಕಿಲ್ಲ. ಗೊರಕೆ ಜೋರಿದ್ದರೆ ಹೊಳ್ಳೆ ಹಿಗ್ಗಿಸಿ ಅಂಗುಳು ಮೊಟಕು ಮಾಡುವ ಶಸ್ತ್ರಚಿಕಿತ್ಸೆ ಇದೆ. ಕಾಯಿಲೆಯೆಂದು ಒಪ್ಪಿದವರು ಮಾತ್ರ ಅದರ ಬಗ್ಗೆ ವಿಚಾರಿಸುತ್ತಾರೆ.

ಮೂತಿಗೆ ಕಾನೂನಿನ ಅಳತೆ ಹಾಕುವುದು ಅತಿಯಾಯಿತು ಎಂಬ ಆಕ್ಷೇಪವೂ ಇದೆ. ಆದರೆ ಮೂತಿ ತಲೆಬುರುಡೆಯ ಸುಮಾರು ಮೂರನೇ ಒಂದರಷ್ಟೂ ಇಲ್ಲದ ನಾಯಿಯಿಂದ ಮರಿ ಹಾಕಿಸುವುದನ್ನು ನೆದರ್ಲೆಂಡ್ಸ್ 2019ರಿಂದ ತಡೆದಿದೆ. ನಮ್ಮ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ನೋಂದಣಿ ಕೇಳುತ್ತವೆ, ಎಂಟು ವಾರ ತುಂಬದ ಮರಿಯ ಮಾರಾಟವನ್ನು ತಡೆಯುತ್ತವೆ. ಮೂತಿಯ ಅಳತೆಗೆ ಅಲ್ಲಿ ಜಾಗವಿಲ್ಲ. ಸೇರಿಸಬೇಕು. ಮಾಲೀಕನ ಹವ್ಯಾಸಕ್ಕಿಂತ ನಾಯಿಯ ಉಸಿರು ದೊಡ್ಡದೆಂದು ಹೇಳಲು ಸರ್ಕಾರ ಹಿಂಜರಿಯಬೇಕಾಗಿಲ್ಲ. ಅಲ್ಲಿಯವರೆಗೆ, ಪಗ್ ಬೇಕೇಬೇಕು ಎನ್ನುವವರು ಯಾರೋ ಕೈಬಿಟ್ಟದ್ದನ್ನು ತಂದು ಸಾಕಲಿ. ಮರಿ ಕೊಳ್ಳಲೇಬೇಕೆಂದಿದ್ದರೆ ಮೊದಲು ತಾಯಿನಾಯಿಯನ್ನು ತೋರಿಸಿ ಎನ್ನಲಿ, ಅದನ್ನು ಐದು ನಿಮಿಷ ನಡೆಸಿ, ಪಕ್ಕದಲ್ಲಿ ಕೂತು ಅದರ ಉಸಿರಾಟ ಕೇಳಿಸಿಕೊಳ್ಳಲಿ.