ಬಿಲ್ ಕೇಳಲು ಹೆದರುವ ಎಂಜಿನಿಯರ್

ಕಳೆದ ಸೆಮಿಸ್ಟರ್ ರಜೆಯಲ್ಲಿ ದಾವಣಗೆರೆಯ ಒಂದು ಸಣ್ಣ ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಿದೆ. ಅಂಗಡಿ ಸಾಲಿನ ಮೇಲಿನ ಎರಡು ಕೋಣೆ, ನಾಲ್ಕು ಕಂಪ್ಯೂಟರ್, ಒಬ್ಬ ಡ್ರಾಫ್ಟ್ಸ್‌ಮನ್, ಜೂನಿಯರ್ ಎಂಜಿನಿಯರ್ ಆಗಿದ್ದ ಒಬ್ಬ ಅಕ್ಕ, ಮತ್ತು ಇದನ್ನೆಲ್ಲ ನಡೆಸುವ ನಮ್ಮ ಸರ್. ಕಾಲಂಗೆ ಎಷ್ಟು ಕಬ್ಬಿಣ ಬೇಕು ಎಂಬ ಲೆಕ್ಕವನ್ನು ಅಲ್ಲಿ ಕಲಿತೆ. ಅದಕ್ಕಿಂತ ಮನಸ್ಸಿಗೆ ನಾಟಿದ್ದು ಬಾರದ ಬಿಲ್ಲುಗಳ ಲೆಕ್ಕ.

ಒಬ್ಬ ಬಿಲ್ಡರ್‌ಗೆ ಅಪಾರ್ಟ್‌ಮೆಂಟಿನ ಡ್ರಾಯಿಂಗ್ ಕೊಟ್ಟು ಏಳು ತಿಂಗಳಾಗಿತ್ತು. ನಮ್ಮ ಡ್ರಾಯಿಂಗ್ ಹಿಡಿದೇ ಮೂರನೇ ಮಹಡಿಯ ಸ್ಲ್ಯಾಬ್ ಬಿದ್ದಿತ್ತು, ದುಡ್ಡು ಮಾತ್ರ ಬಂದಿರಲಿಲ್ಲ. ಬಿಲ್ ಬರೆದ ತಪ್ಪಿಗೆ ಅದರ ಮೇಲಿನ ಶೇ 18 ಜಿಎಸ್‌ಟಿಯನ್ನು ಸರ್ ಆಗಲೇ ಕೈಯಿಂದ ಕಟ್ಟಿದ್ದರು. ಅಕ್ಕನಿಗೆ ಎರಡು ತಿಂಗಳ ಸಂಬಳ ಬಾಕಿ ಇತ್ತು.

'ಸರ್, ಇದಕ್ಕೆ ಕಾನೂನು ಇದೆಯಲ್ಲ, ದೂರು ಕೊಡಬಹುದಲ್ವಾ?' ಎಂದು ಕೇಳಿದೆ.

'ಕೊಡಬೌದು ತಮ್ಮಾ. ಕೊಟ್ಟ ಮರುದಿನದಿಂದ ಈ ಊರಾಗೆ ನಂಗೆ ಕೆಲಸ ಯಾರು ಕೊಡ್ತಾರೆ?' ಎಂದು ಸರ್ ನಕ್ಕರು.

ಆ ನಗು ನನ್ನನ್ನು ಬಿಡಲಿಲ್ಲ. ಊರಿಗೆ ಬಂದ ಮೇಲೆ ಕಾನೂನು ಏನು ಹೇಳುತ್ತದೆ ಎಂದು ಓದಲು ಕುಳಿತೆ.

ಓದಿದಷ್ಟೂ ಆಶ್ಚರ್ಯವಾಯಿತು. ಕಾನೂನು ಸಡಿಲವಾಗಿಲ್ಲ, ಬಿಗಿಯಾಗಿಯೇ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳಲು ರಾಜ್ಯಗಳಲ್ಲಿ ಸೌಲಭ್ಯ ಮಂಡಳಿಗಳಿವೆ. ಅವು 90 ದಿನಗಳಲ್ಲಿ ತೀರ್ಮಾನ ಕೊಡಬೇಕು ಎಂದೂ ಕಾಯ್ದೆಯಲ್ಲಿದೆ. 2017ರಲ್ಲಿ 'ಸಮಾಧಾನ್' ಪೋರ್ಟಲ್ ಬಂದ ಮೇಲೆ ಆನ್‌ಲೈನ್ ಮೂಲಕವೇ ದೂರು ಸಲ್ಲಿಸಬಹುದು.

ಇದೆಲ್ಲ ಲೇತ್ ಮಷೀನ್ ಇಟ್ಟವರಿಗೆ ಮಾತ್ರ ಎಂದು ನಾನೂ ಅಂದುಕೊಂಡಿದ್ದೆ. 'ಸಣ್ಣ ಕೈಗಾರಿಕೆ' ಎಂದರೆ ಪೀಣ್ಯದ ಶೆಡ್ ಕಣ್ಣಿಗೆ ಬರುತ್ತದೆಯೇ ಹೊರತು ಲ್ಯಾಪ್‌ಟಾಪ್ ಬರುವುದಿಲ್ಲ. ಆದರೆ ಸೇವಾ ಉದ್ಯಮಗಳೂ ಈ ಕಾಯ್ದೆಯ ಒಳಗಿವೆ. 2020ರ ಜುಲೈ 1ರಿಂದ ತಯಾರಿಕೆ ಮತ್ತು ಸೇವೆ ಎರಡಕ್ಕೂ ಒಂದೇ ಅಳತೆಗೋಲು. ಉದ್ಯಮ್ ನೋಂದಣಿ ಮಾಡಿಸಿದ ಡ್ರಾಯಿಂಗ್ ಆಫೀಸಿಗೂ ಪೀಣ್ಯದ ಶೆಡ್ಡಿಗೂ ಇರುವ ಹಕ್ಕು ಒಂದೇ.

2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ತಂದಿತು. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಅವಧಿಯೊಳಗೆ ಹಣ ಕೊಡದವರು, ಕೊಡುವ ವರ್ಷದ ತನಕ ಆ ಮೊತ್ತವನ್ನು ತಮ್ಮ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ. 2024ರ ಏಪ್ರಿಲ್ 1ರಿಂದ ಇದು ಜಾರಿಗೆ ಬಂತು. ಇದರ ಗುಣವೆಂದರೆ ಯಾರೂ ದೂರು ಕೊಡಬೇಕಿಲ್ಲ, ತೆರಿಗೆ ಲೆಕ್ಕವೇ ಬಿಸಿ ಮುಟ್ಟಿಸುತ್ತದೆ. ಆದರೆ ಸಿವಿಲ್ ಕನ್ಸಲ್ಟೆಂಟ್‌ಗಳ ಗಿರಾಕಿಗಳು ಯಾರು ನೋಡಿ. ಸರ್ಕಾರಿ ಇಲಾಖೆ ಆದಾಯ ತೆರಿಗೆ ಕಟ್ಟುವುದಿಲ್ಲ. ಸ್ವಂತ ಮನೆ ಕಟ್ಟಿಸುವವರು ಅದನ್ನು ವ್ಯಾಪಾರದ ಖರ್ಚೆಂದು ತೋರಿಸುವುದಿಲ್ಲ. ಹಾಗಾಗಿ ಬಿಸಿ ತಟ್ಟುವುದು ಬಿಲ್ಡರ್, ಕಂಪನಿಯಂಥವರಿಗೆ ಮಾತ್ರ. ಅವರಿಗೂ ನೋಂದಣಿ ಇಲ್ಲದ ಇನ್ನೊಬ್ಬ ಕನ್ಸಲ್ಟೆಂಟ್‌ನನ್ನು ಹುಡುಕಿಕೊಳ್ಳುವ ದಾರಿ ಇದೆ. ಗಿರಾಕಿಗಳು ಹೀಗೆ ಕೈ ಬಿಟ್ಟಾರು ಎಂಬ ಆತಂಕದಿಂದಲೇ ಕೆಲವು ವ್ಯಾಪಾರಿ ಸಂಘಟನೆಗಳು ನಿಯಮವನ್ನು ಮುಂದೂಡಿ ಎಂದು ಆಗ ಕೇಳಿದ್ದವು.

ಅಂದರೆ ಕಾನೂನು ಇದ್ದೂ ಒಂಟಿ ಮನುಷ್ಯನಿಗೆ ಅದನ್ನು ಬಳಸುವ ಧೈರ್ಯವಿಲ್ಲ. ಆ ಧೈರ್ಯವನ್ನು ಕೊಡಬೇಕಾದದ್ದು ಸಂಘ.

ಕರ್ನಾಟಕಕ್ಕೆ ಸಂಘಗಳು ಹೊಸದಲ್ಲ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಮೈಸೂರು ವಾಣಿಜ್ಯ ಮಂಡಳಿಯೇ ಇಂದಿನ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರದ್ದು. ಸಿವಿಲ್ ಕನ್ಸಲ್ಟೆಂಟ್‌ಗಳದ್ದೇ ಆದ ಸಂಘವೊಂದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಬಜೆಟ್ ಮುನ್ನ ಮನವಿ ಕೊಡುವುದು, ಕಾರ್ಯಾಗಾರ ನಡೆಸುವುದು, ಸರ್ಕಾರದ ಮುಂದೆ ಅಹವಾಲು ಇಡುವುದು, ಇವೆಲ್ಲ ನಡೆಯುತ್ತಿವೆ. ಆದರೆ ಬಾಕಿ ಬಿಲ್ಲಿನ ವಿಷಯಕ್ಕೆ ಬಂದರೆ ಕಾಯ್ದೆಯಲ್ಲೇ ಒಂದು ವಿಚಿತ್ರವಿದೆ. ಸೌಲಭ್ಯ ಮಂಡಳಿಯ ಸದಸ್ಯರಲ್ಲಿ ಸಣ್ಣ ಉದ್ಯಮಗಳ ಸಂಘದ ಪ್ರತಿನಿಧಿಗೂ ಜಾಗವಿದೆ. ಆದರೆ ಮಂಡಳಿಯ ಮುಂದೆ ಹೋಗಬಹುದಾದವರು ವಿವಾದದ 'ಪಕ್ಷಗಾರರು' ಮಾತ್ರ. ತೀರ್ಪು ಹೇಳುವ ಕಡೆ ಸಂಘಕ್ಕೆ ಕುರ್ಚಿ ಇದೆ, ದೂರು ಹೇಳುವ ಕಡೆ ಬಾಗಿಲಿಲ್ಲ!

ಗ್ರಾಹಕರ ವಿಷಯದಲ್ಲಿ ಹೀಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾನ್ಯತೆ ಪಡೆದ ಗ್ರಾಹಕ ಸಂಘವೂ ದೂರು ಕೊಡಬಹುದು. ಒಂದೇ ರೀತಿ ತೊಂದರೆಗೊಳಗಾದ ಹಲವರು ಅನುಮತಿ ಪಡೆದು ಒಟ್ಟಾಗಿಯೂ ಹೋಗಬಹುದು. ಕೆಟ್ಟ ಮಿಕ್ಸರ್ ಕೊಂಡವನಿಗೆ ಇರುವ ಈ ಅನುಕೂಲ, ಕಟ್ಟಡಕ್ಕೆ ಲೆಕ್ಕ ಹಾಕಿಕೊಟ್ಟು ದುಡ್ಡು ಸಿಗದ ಎಂಜಿನಿಯರ್‌ಗೆ ಯಾಕಿಲ್ಲ? ಸಂಘಗಳು ನೂರು ಬೇಡಿಕೆಗಳ ಪಟ್ಟಿಯಲ್ಲಿ ಇದನ್ನೂ ಒಂದಾಗಿ ಸೇರಿಸುವ ಬದಲು, ಇದೊಂದನ್ನೇ ಹಿಡಿದು ಹೋರಾಡಬೇಕು ಎಂಬುದು ನನ್ನ ಅನಿಸಿಕೆ. ಸಂಘವೇ ದೂರುದಾರ ಆದರೆ ಅದರ ಪ್ರತಿನಿಧಿ ಮಂಡಳಿಯಲ್ಲಿ ಕೂರುವುದು ನ್ಯಾಯವೇ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆಯೇ. ಅಂಥ ಪ್ರಕರಣದಲ್ಲಿ ಅವರು ಎದ್ದು ಹೊರಗೆ ಹೋಗಲಿ. ಸಂಘ ದೂರು ಕೊಟ್ಟರೂ ಹೆಸರು ಹೊರಬೀಳುತ್ತದೆ ಎಂಬುದೂ ನಿಜ. ಆದರೆ ಒಬ್ಬನ ಹೆಸರು ಬೇರೆ, ಹತ್ತು ಜನರ ಹೆಸರು ಬೇರೆ. ಒಂದು ಊರಿನ ಹತ್ತು ಕನ್ಸಲ್ಟೆಂಟ್‌ಗಳನ್ನೂ ಬಿಟ್ಟು ಯಾವ ಬಿಲ್ಡರ್ ಮನೆ ಕಟ್ಟುತ್ತಾನೆ?

ಕಾನೂನು ಬದಲಾಗುವ ತನಕ ಕೈಕಟ್ಟಿ ಕೂರಬೇಕಿಲ್ಲ. ಎಲ್ಲ ಸದಸ್ಯರೂ ಒಂದೇ ಮಾದರಿಯ ಒಪ್ಪಂದ ಪತ್ರ ಬಳಸುವಂತೆ ಸಂಘ ಮಾಡಬಹುದು. '45 ದಿನ' ಎಂದು ಅದರಲ್ಲೇ ಅಚ್ಚಾಗಿದ್ದರೆ ಕೇಳಲು ಯಾರಿಗೂ ಸಂಕೋಚ ಇರುವುದಿಲ್ಲ. ಬಾಕಿ ವಸೂಲಿಯ ಪತ್ರ ಸಂಘದ ಲೆಟರ್‌ಹೆಡ್‌ನಲ್ಲಿ ಹೋಗಬಹುದು. ಜಿಲ್ಲೆಗಳಲ್ಲಿ ತಿಂಗಳಿಗೊಂದು ದಿನ ಉದ್ಯಮ್ ನೋಂದಣಿಗೆ ನೆರವಾಗಬಹುದು. ನೋಂದಣಿಗೆ ಶುಲ್ಕವಿಲ್ಲ. ಆದರೆ ಕೆಲಸ ಒಪ್ಪಿಕೊಳ್ಳುವ ಮುನ್ನವೇ ಮಾಡಿಸಿಟ್ಟುಕೊಳ್ಳುವುದು ಕ್ಷೇಮ. ತಡವಾಗಿ ಮಾಡಿಸಿದ ನೋಂದಣಿ ಹಿಂದಿನ ವ್ಯವಹಾರಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಇದೆಲ್ಲ ನಮಗ್ಯಾಕೆ ಎಂದು ಓದುತ್ತಿರುವ ಗೆಳೆಯರು ಕೇಳಬಹುದು. ಕ್ಯಾಂಪಸ್‌ಗೆ ದೊಡ್ಡ ಕಂಪನಿ ಬಾರದ ಕಾಲೇಜುಗಳಲ್ಲಿ ಓದುವ ನಮ್ಮಂಥವರಿಗೆ ಮೊದಲ ಕೆಲಸ ಸಿಗುವುದು ಇಂಥ ಎರಡು ಕೋಣೆಯ ಕಚೇರಿಗಳಲ್ಲೇ. ಅಲ್ಲಿಗೆ ಬಾರದ ಬಿಲ್ ಅಂದರೆ ನಮಗೆ ಬಾರದ ಸಂಬಳ. ಆ ಅಕ್ಕ ಈಗ ಡ್ರಾಯಿಂಗ್ ಬಿಟ್ಟು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್‌ಗೆ ಸೇರಿದ್ದಾರೆ. ಅವರಷ್ಟು ಅಚ್ಚುಕಟ್ಟಾಗಿ ಬೀಮ್ ಡೀಟೇಲಿಂಗ್ ಮಾಡುವವರನ್ನು ನಾನು ಕಂಡಿಲ್ಲ.

ಕೊನೆಯ ದಿನ ಸರ್, 'ಬಿಇ ಮುಗಿಸ್ಕೊಂಡು ಇಲ್ಲಿಗೇ ಬಾ' ಎಂದರು. ಹೋಗಬೇಕೆಂಬ ಆಸೆ ನನಗೂ ಇದೆ. ಆದರೆ ಒಪ್ಪುವ ಮುನ್ನ ಅವರನ್ನು ಒಂದು ಮಾತು ಕೇಳಬೇಕಿದೆ: 'ಸರ್, ನೀವು ಸಂಘಕ್ಕೆ ಸೇರಿದ್ರಾ?'